ಹೆಣಬಾಗಿಲ ಪಾಳಿ

ಆಲ್ಡರ್‌ಬೋರ್ನ್ ಇತಿಹಾಸ ಸಂಘದ ಸಭೆ ಶನಿವಾರ ಸಂಜೆ ಐದಕ್ಕೆ ಎಂದು ಕಾರ್ಡು ಬರೆದು ಮನೆಮನೆಗೆ ಕಳಿಸಿದವಳು ಕಾರ್ಯದರ್ಶಿ ಈನಿಡ್ ಪ್ರೌಸ್. ಆದರೆ ಆ ದಿನ ಎಲ್ಲರಿಗಿಂತ ಕೊನೆಗೆ, ಐದೂ ಮುಕ್ಕಾಲಿಗೆ, ತಲೆಯಿಂದ ಹಿಮ್ಮಡಿಯವರೆಗೆ ತೊಯ್ದುಕೊಂಡು ಶಾಲೆಯ ಕೋಣೆಗೆ ಬಂದವಳೂ ಅವಳೇ. ಹನ್ನೆರಡು ವರ್ಷದಿಂದ ಅದೇ ಕೋಣೆಯಲ್ಲಿ ಊರ ಮಕ್ಕಳಿಗೆ ಪಾಠ ಹೇಳುತ್ತಿದ್ದ ಈನಿಡ್ ಒಂದು ದಿನವೂ ಗಂಟೆ ಹೊಡೆದ ಮೇಲೆ ಕಾಲಿಟ್ಟವಳಲ್ಲ.

"ಏನ್ ಟೀಚರಮ್ಮ, ಬೆಂಚಿನ ಮೇಲೆ ನಿಲ್ಲಿಸ್ಬೇಕಾ?" ಎಂದ ಅಧ್ಯಕ್ಷ ಕ್ಲಾರೆನ್ಸ್ ಬಡ್. ಕಬ್ಬಿಣದ ಸಾಮಾನಿನ ಅಂಗಡಿಯವನು, ಬಾಯಿ ಸುಮ್ಮನಿರದ ಮನುಷ್ಯ.

"ಚರ್ಚಿನಂಗಳದ ಅಡ್ಡದಾರಿ ಹಿಡಿದೆ. ಅಲ್ಲಿನ ಹೆಣಬಾಗಿಲ ಹತ್ರ ಹಿಂದೆ ಯಾರೋ ಬರ್ತಿದ್ದ ಹಾಗಾಯ್ತು. ಬಾಗಿಲು ಹಿಡ್ಕೊಂಡು ನಿಂತೆ. ಯಾರೂ ಬರ್ಲಿಲ್ಲ."

ಹಿಂದೆ ಜನ ಬರುತ್ತಿರುವಾಗ ಅವರ ಮುಖಕ್ಕೇ ಬಾಗಿಲು ಬಿಟ್ಟು ಬರುವುದಕ್ಕಾಗುತ್ತದೆಯೇ? ನಿಂತಿದ್ದು ಎರಡು ನಿಮಿಷ ಎಂದೇ ಅವಳ ಲೆಕ್ಕ. ಆದರೆ ಮನೆಯಿಂದ ಹೊರಟಾಗ ನಾಲ್ಕೂ ಮುಕ್ಕಾಲು, ಶಾಲೆಗೆ ಹತ್ತು ನಿಮಿಷದ ದಾರಿ. ಉಳಿದ ಹೊತ್ತು ಎಲ್ಲಿ ಹೋಯಿತು ಎಂದು ಅವಳಿಗೆ ತಿಳಿಯಲಿಲ್ಲ. ಹೇಳಲು ನಾಚಿಕೆಯಾಗಿ ಸುಮ್ಮನೆ ಕೋಟು ಕಳಚಿದಳು.

ಒಲೆಯ ಪಕ್ಕದ ಕುರ್ಚಿಯಲ್ಲಿ ಹೆಣಿಗೆ ಹಾಕುತ್ತಿದ್ದ ಮುದುಕಿ ಡೋರ್ಕಸ್ ಟಕೆಟ್ ತಲೆಯೆತ್ತಿ ಈನಿಡ್‌ಳನ್ನು ಒಮ್ಮೆ ನೋಡಿ ಮತ್ತೆ ಕಡ್ಡಿ ಆಡಿಸತೊಡಗಿದಳು.

ಬೇಕರಿಯ ಮ್ಯೂರಿಯಲ್ ಬಿಸಿ ಟೀ ತಂದು ಕೊಟ್ಟಳು. "ಕೈ ನೋಡೇ, ಹಿಟ್ಟಿನ ಹಾಗೆ ಬೆಳ್ಳಗಾಗಿದೆ! ಜೂನ್ ತಿಂಗಳಲ್ಲಿ ಯಾರಿಗಾದ್ರೂ ಹೀಗೆ ಚಳಿ ಹಿಡಿಯುತ್ತಾ?" ಈನಿಡ್‌ಳ ಬಲಗೈ ಒಂದು ವಾರದಿಂದ ಹಾಗೇ ಇತ್ತು. ತರಗತಿಯಲ್ಲಿ ಕೈಗವಸು ಹಾಕಿಕೊಂಡೇ ಬೋರ್ಡಿನ ಮೇಲೆ ಬರೆಯುತ್ತಿದ್ದಳು, ಮಕ್ಕಳು ನಗುತ್ತಿದ್ದವು.

ಹೊರಗೆ ಮಳೆ ಜೋರಾಗಿತ್ತು. ಹತ್ತು ದಿನದ ಹಿಂದೆ ಹೊಸ ರಾಣಿಯ ಪಟ್ಟಾಭಿಷೇಕಕ್ಕೆಂದು ಕಿಟಕಿಗೆ ಕಟ್ಟಿದ್ದ ಬಣ್ಣದ ಕಾಗದಗಳು ತೇವಕ್ಕೆ ಜೋತುಬಿದ್ದಿದ್ದವು. ಎಂಟು ಜನ ಒಲೆಯ ಸುತ್ತ ಕುರ್ಚಿ ಎಳೆದುಕೊಂಡರು.

"ನಾಲ್ಕನೇ ವಿಷಯ," ಎಂದು ಬಡ್ ಕಾಗದ ಓದಿದ. "ನಮ್ಮ ಊರಿನ ಇತಿಹಾಸದ ಪುಸ್ತಕಕ್ಕೆ ಹೆಣಬಾಗಿಲ ಫೋಟೋ ತೆಗೆಸಿದೀವಿ. ಫೋಟೋದಲ್ಲಿ ಬಾಗಿಲ ಪಕ್ಕ ಆ ಪುಟ್ಟ ಸ್ಟೂಲೂ ಬಂದಿದೆ. ಅದು ಯಾರದು, ಯಾಕಿದೆ ಅಂತ ಒಬ್ರಿಗೂ ಗೊತ್ತಿಲ್ಲ. ನಮ್ಮಪ್ಪ ಮುದುಕರು ಕೂರೋಕೆ ಅಂತಿದ್ದ. ಒಂದಡಿ ಸ್ಟೂಲಲ್ಲಿ ಕೂತ ಮುದುಕ ಮತ್ತೆ ಎದ್ದಾನಾ?"

"ಅದು ನಂದು," ಎಂದಳು ಡೋರ್ಕಸ್.

ಎಲ್ಲರೂ ತಿರುಗಿ ನೋಡಿದರು.

"ಇದು ಆರನೇದು. ಮೊದಲಿನ ಐದು ಮಳೇಲಿ ಕೊಳೆತುಹೋದ್ವು. ಅರವತ್ಮೂರು ವರ್ಷದಿಂದ ಇಡ್ತಾ ಬಂದಿದೀನಿ. ಕೇಳೋಕೆ ನಿಮಗೆ ಈಗ ತೋಚಿತಲ್ಲ, ಪುಣ್ಯ. ಟೀಚರ್, ನೀನು ನನ್ನ ಹತ್ರ ಬಂದು ಕೂತ್ಕೋ. ಬರ್ಕೊಳ್ಳೋದಾದ್ರೆ ಬರ್ಕೋ. ಕ್ಲಾರೆನ್ಸ್, ನೀನು ಮಧ್ಯ ಬಾಯಿ ಹಾಕ್ಬೇಡ. ಹಾಕಿದ್ರೆ ನಿಮ್ಮ ತಾತನ ಕತೆನೇ ಮೊದಲು ಹೇಳಿಬಿಡ್ತೀನಿ."

ಹೆಣಿಗೆಯನ್ನು ತೊಡೆಯ ಮೇಲಿಟ್ಟು ಅವಳು ಶುರು ಮಾಡಿದಳು.

"ಹೆಣಬಾಗಿಲು ಅಂದ್ರೆ ನಿಮಗೆಲ್ಲ ಈಗ ಮದುವೆ ಫೋಟೋ ತೆಗೆಸ್ಕೊಳ್ಳೋ ಜಾಗ. ನಾವು ಚಿಕ್ಕವರಿದ್ದಾಗ ಹಾಗಿರ್ಲಿಲ್ಲ ಕಣ್ರಪ್ಪ. ಹೆಣದ ಪೆಟ್ಟಿಗೆ ಹೊತ್ತು ತಂದೋರು ಅದರ ಚಾವಣಿ ಕೆಳಗಿನ ಕಲ್ಲಿನ ಮೇಲೆ ಇಳಿಸಿ, ಪಾದ್ರಿ ಬಂದು ಒಳಗೆ ಕರ್ಕೊಂಡು ಹೋಗೋವರೆಗೂ ಕಾಯ್ತಾ ನಿಲ್ಲೋರು. ಆದ್ರೆ ಸತ್ತೋರನ್ನ ನಿಜವಾಗಿ ಕರ್ಕೊಂಡು ಹೋಗೋದು ಪಾದ್ರಿ ಅಲ್ಲ... ಅದು ಊರಿಗೆಲ್ಲ ಗೊತ್ತಿತ್ತು. ಕರ್ಕೊಂಡು ಹೋಗೋರು ಬಾಗಿಲ ಪಾಳಿಯವರು. ಅಂದ್ರೆ ಯಾರು? ಅದಕ್ಕೆ ಮುಂಚೆ ಕೊನೇಗೆ ಮಣ್ಣಾದೋರು ಯಾರೋ, ಅವರು. ಇವತ್ತು ನಿನ್ನ ಹೂತ್ರು ಅಂತಿಟ್ಕೋ ಕ್ಲಾರೆನ್ಸ್, ನೀನು ಮಲಗೋ ಹಾಗಿಲ್ಲ. ಹೋಗಿ ಬಾಗಿಲ ಹತ್ರ ನಿಲ್ಬೇಕು. ಮುಂದಿನವರು ಬಂದಾಗ ಚಿಲಕ ತೆಗೆದು, ಬಾಗಿಲು ಹಿಡಿದು, ಅವರನ್ನ ಒಳಗೆ ಬಿಟ್ಟು... ಆಮೇಲೆ ನೀನು ಹೋಗಿ ಮಲಗು, ಪಾಳಿ ಅವರದು. ಒಂದು ವಾರವೋ, ಒಂದು ತಿಂಗಳೋ. ಕೆಟ್ಟ ಚಳಿಗಾಲದಲ್ಲಿ ಎರಡೇ ದಿನ. ಯಾರೂ ಅದಕ್ಕೆ ಹೆದರ್ತಿರ್ಲಿಲ್ಲ. ಎಲ್ರೂ ಮಾಡೋ ಕೆಲಸ ಅಲ್ವಾ?

"ಗೋರಿ ತೋಡ್ತಿದ್ದ ಮುದುಕ ರೂಬೆನ್ ಹೇಳೋನು... ಯಾರ ಪಾಳಿ ಅಂತ ಅವನಿಗೆ ಬಾಗಿಲು ದಾಟಿದ್ರೆ ಗೊತ್ತಾಗ್ತಿತ್ತಂತೆ. ಒಂದ್ಸಲ ಹಡಗಿನ ಮೇಲಿದ್ದ ಹುಡುಗ ಒಬ್ಬ ದೂರದ ಸಮುದ್ರದಲ್ಲಿ ಸತ್ತ, ಹೆಣ ನೀರುಪಾಲಾಯ್ತು. ಜೊತೆಯವರು ಕತ್ತರಿಸಿ ಕಳಿಸಿದ ಒಂದು ಹಿಡಿ ಕೂದಲು ಮಾತ್ರ ಊರಿಗೆ ಬಂತು. ತಾಯಿ ಅತ್ತೂ ಕರೆದೂ ಅದನ್ನೇ ಡಬ್ಬಿಯಲ್ಲಿಟ್ಟು ಇಲ್ಲಿ ಹೂಳಿಸಿದಳು. ಅದಕ್ಕೆ ಹಿಂದೆ ಪಾಳಿ ಒಬ್ಬ ಚಮ್ಮಾರಂದು, ಬಾಗಿಲ ಹತ್ರ ಕೆಮ್ಮು ಕೇಳಿಸೋದು. ಕೂದಲು ಹೂತ ಸಂಜೆಯಿಂದ ಕೆಮ್ಮು ನಿಂತುಹೋಯ್ತು, ಹಡಗಿಗೆ ಬಳಿಯೋ ಟಾರಿನ ವಾಸನೆ ಶುರುವಾಯ್ತು! ರೂಬೆನ್ ಆಣೆ ಮಾಡಿ ಹೇಳೋನು. ಒಂದು ಕೂದಲು ಸಾಕಂತೆ ಮಣ್ಣಿಗೆ. ಆದ್ರೆ ಸುಮ್ನೆ ಹೂತ್ರಾಗಲ್ಲ. ಪಾದ್ರಿ ಪ್ರಾರ್ಥನೆ ಆಗ್ಬೇಕು, ಚರ್ಚಿನ ಗಂಟೆ ಹೊಡೀಬೇಕು. ಈ ಮಾತು ನೆನಪಲ್ಲಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ."

ಈನಿಡ್‌ಳ ಪೆನ್ಸಿಲು ನಿಂತಿತು. ಕಿವಿಯ ಹಿಂದೆ ಕೂದಲು ಮೋಟಾಗಿದ್ದ ಜಾಗಕ್ಕೆ ಅವಳ ಕೈ ತಾನಾಗಿ ಹೋಯಿತು. ಮುದುಕಿ ಅದನ್ನು ನೋಡಲಿಲ್ಲ, ಒಲೆಯ ಕಡೆ ತಿರುಗಿದ್ದಳು.

"ಹೀಗಿರುವಾಗ ಹದಿನೆಂಟುನೂರ ತೊಂಬತ್ತನೇ ಇಸವಿಯಲ್ಲಿ ಲಂಡನ್ನಿಂದ ಕಾಗದ ಬಂತು. ಚರ್ಚಿನಂಗಳದ ಸ್ಮಶಾನ ತುಂಬಿಹೋಗಿದೆ, ಊರ ಬಾವಿ ನೀರು ಕೆಡ್ತಿದೆ, ಸೆಪ್ಟೆಂಬರ್ ಕೊನೆಯಿಂದ ಅಲ್ಲಿ ಒಂದು ಹೆಣವನ್ನೂ ಹೂಳೋ ಹಾಗಿಲ್ಲ, ಇನ್ನೇನಿದ್ರೂ ಬೆಟ್ಟದ ಮೇಲಿನ ಹೊಸ ಜಾಗ. ಊರಿಗೆ ಊರೇ ದಂಗಾಯ್ತು. ಯಾಕೆ ಹೇಳಿ? ಕೊನೇಗೆ ಹೋದೋರ ಪಾಳಿ ಬಿಡಿಸೋರು ಯಾರು? ಪ್ರಳಯದವರೆಗೂ ಅವರೇ ನಿಂತಿರ್ಬೇಕಲ್ಲ!

"ಆಗ ನೋಡ್ಬೇಕಿತ್ತು ಈ ಊರನ್ನ. ಇವನ ತಾತ ಏಮಸ್ ಬಡ್ ಈಸ್ಟರ್‌ನಿಂದ ಹಾಸಿಗೆ ಹಿಡಿದಿದ್ದ. ಪಾದ್ರಿ ಕೊನೇ ಪ್ರಾರ್ಥನೆ ಅಂತ ಮೂರು ಸಲ ಮಾಡಿ ಹೋಗಿದ್ರು, ಮನೆಯವರು ಸಾವಿನೂಟಕ್ಕೆ ಅಂತ ಹ್ಯಾಮ್ ಬೇಯಿಸಿ ಇಟ್ಟುಕೊಂಡು ಕಾಯ್ತಿದ್ರು. ಸುದ್ದಿ ಕೇಳಿದ್ದೇ ತಡ ಮುದುಕ ಎದ್ದು ಕೂತ. 'ಆ ಹಾಳು ಬಾಗಿಲ ಹತ್ರ ಕಾವಲು ನಿಲ್ಲೋಕೆ ನಾನೇನು ನಾಯಿನಾ? ಬೆಟ್ಟದ ಜಾಗ ತೆರೆಯೋವರೆಗೂ ಸಾಯಲ್ಲ, ಹ್ಯಾಮ್ ಇಲ್ಲಿ ತನ್ನಿ!' ಅಂದ. ಆಮೇಲೆ ಹನ್ನೊಂದು ವರ್ಷ ಬದುಕಿದ, ಮನೆಮಂದಿ ಪ್ರಾಣ ತಿಂದ."

ಎಲ್ಲರೂ ನಕ್ಕರು. ಬಡ್ ಕಿವಿಯವರೆಗೆ ಕೆಂಪಾಗಿ, ತಾನೂ ನಕ್ಕ. ಡೋರ್ಕಸ್ ನಗಲಿಲ್ಲ.

"ನಗಿ, ನಗಿ. ನಾವೂ ನಕ್ವಿ. ಸೆಪ್ಟೆಂಬರ್ ಅರ್ಧ ಕಳೀತು, ಒಬ್ರೂ ಸಾಯ್ಲಿಲ್ಲ, ಊರು ಉಸಿರು ಬಿಗಿಹಿಡಿದು ಕೂತಿತ್ತು. ಆಮೇಲೆ ಗಂಟಲುಮಾರಿ ಬಂತು... ನಮ್ಮನೆಗೆ ಬಂತು. ನನ್ನ ತಂಗಿ ಲೆಟ್ಟಿ. ಐದು ವರ್ಷ. ನಂಗೆ ಹತ್ತು. ನಾಲ್ಕು ದಿನದಲ್ಲಿ ಹೋಗ್ಬಿಡ್ತು ಮಗು. ಎಂಥ ಮಗು ಅಂತೀರಿ? ಕತ್ತಲು ಅಂದ್ರೆ ಪ್ರಾಣ ಬಿಡೋಳು. ಮೆಟ್ಟಿಲ ಮೇಲೆ ಹೋಗೋಕೂ ನನ್ನ ಲಂಗ ಹಿಡ್ಕೊಳ್ಳೋಳು. ಒಬ್ಬಳನ್ನೇ ಬಿಟ್ಟು ಹಿತ್ತಿಲಿಗೆ ಹೋದ್ರೂ 'ಡೋರೀ, ಡೋರೀ' ಅಂತ ಕೂಗ್ತಾನೇ ಇರೋಳು.

"ಅದೇ ವಾರ ಸಾರಾಯಿ ಭಟ್ಟಿಯ ದೊಡ್ಡ ಧಣಿ ಜೋಸಾಯ ಹಾರ್ಬಿನ್ನೂ ಸತ್ತ. ನಮ್ಮಪ್ಪ ಅವನ ಭಟ್ಟಿಯಲ್ಲೇ ಪೀಪಾಯಿ ಕಟ್ಟೋನು. ಎರಡೂ ಹೆಣ ಒಂದೇ ಶನಿವಾರ. ಅಂಗಳದಲ್ಲಿ ಅದೇ ಕೊನೇ ದಿನ. ನಮ್ಮದು ಎರಡು ಗಂಟೆಗೆ, ಅವರದು ಮೂರಕ್ಕೆ. ಪಾದ್ರಿನೇ ಬರೆದಿಟ್ಟಿದ್ದು. ನಮ್ಮಮ್ಮ ಅತ್ತುಕೊಂಡೇ ಅಷ್ಟು ಸಮಾಧಾನ ಹೇಳ್ಕೊಂಡಳು... 'ಒಂದು ಗಂಟೆ ತಾನೇ ಡೋರೀ, ಒಂದೇ ಗಂಟೆ ನಿಂತಿರುತ್ತೆ ನನ್ನ ಕೂಸು, ಆಮೇಲೆ ಧಣಿಗಳು ಬಂದು ಬಿಡಿಸ್ತಾರೆ' ಅಂತ.

"ಮಕ್ಕಳ ಪೆಟ್ಟಿಗೆ ಗಂಡಸರು ಹೊರ್ತಿರ್ಲಿಲ್ಲ ಆವಾಗ. ನಾಲ್ಕು ಜನ ಹುಡುಗಿಯರು ಬಿಳೀ ಉಡುಪು ಹಾಕ್ಕೊಂಡು, ಪೆಟ್ಟಿಗೆ ಕೆಳಗೆ ಬಿಳೀ ಬಟ್ಟೆ ಹಾಯಿಸಿ, ನಾಲ್ಕು ತುದಿ ಹಿಡಿದು ನಡೀಬೇಕು. ಮುಂದಿನ ಬಲತುದಿ ನಂದು. ಮುಂದಿನ ಬಲತುದಿ ಯಾವ ಕಡೆ ಹೋಗುತ್ತೋ ಉಳಿದ ಮೂರೂ ಆ ಕಡೆ. ಬಾಗಿಲ ಕೆಳಗೆ ಬಂದ್ವಿ, ಕಲ್ಲಿನ ಮೇಲೆ ಇಳಿಸಿದ್ವಿ, ಪಾದ್ರಿ ಬಂದ್ರು, ಮತ್ತೆ ಎತ್ತಿದ್ವಿ. ಇನ್ನೇನು ಒಂದು ಹೆಜ್ಜೆ... ಆಗ ಹಿಂದೆ ಕುದುರೆ ಸದ್ದು. ತಿರುಗಿ ನೋಡ್ತೀನಿ, ಕರೀ ಗರಿ ಕಟ್ಟಿದ ಆರು ಕುದುರೆ, ಗಾಜಿನ ಗಾಡಿ, ಹಾರ್ಬಿನ್ ಮನೆಯವರೆಲ್ಲ ಕರೀ ಬಟ್ಟೇಲಿ. ಒಂದು ಗಂಟೆ ಮುಂಚೆನೇ ಬಂದುಬಿಟ್ಟಿದ್ರು. ಯಾಕೆ ಬಂದ್ರು ಅಂತ ನಾನು ನಿಮಗೆ ಬಿಡಿಸಿ ಹೇಳ್ಬೇಕಾ?

"ಅವರು ಗಲಾಟೆ ಮಾಡಿದ್ರಾ? ಇಲ್ಲ. ನಮ್ಮನ್ನ ತಳ್ಳಿದ್ರಾ? ಇಲ್ಲ ಕಣ್ರೀ. ಒಂದು ಮಾತೂ ಆಡ್ಲಿಲ್ಲ. ಚಿಕ್ಕ ಹಾರ್ಬಿನ್ ಗಾಡಿಯಿಂದ ಇಳಿದ, ಹ್ಯಾಟು ತೆಗೆದ, ನನ್ನ ಮುಖ ನೋಡ್ತಾ ನಿಂತ... ಅಷ್ಟೇ. ನಂಗೆ ಮೂರು ವರ್ಷದಿಂದ ಇದೇ ಶಾಲೇಲಿ, ಇದೇ ಕೋಣೇಲಿ ಏನು ಕಲಿಸಿದ್ರು? ದೊಡ್ಡವರ ಗಾಡಿ ಬಂದ್ರೆ ರಸ್ತೆ ಬಿಡು, ಮಂಡಿ ಬಗ್ಗಿಸು, ತಲೆ ತಗ್ಗಿಸು. ನನ್ನ ಕಾಲು ನನ್ನ ಕೇಳ್ಲೇ ಇಲ್ಲ. ಮಂಡಿ ಬಗ್ಗಿಸಿದೆ. ಪಕ್ಕಕ್ಕೆ ಸರಿದೆ. ಉಳಿದ ಮೂರು ಹುಡುಗಿಯರೂ ನನ್ನ ಹಿಂದೆ ಸರಿದ್ರು. ತಂಗಿ ಪೆಟ್ಟಿಗೆ ಕೈಯಲ್ಲಿ ಹಿಡ್ಕೊಂಡು, ಧಣಿಗಳಿಗೆ ದಾರಿ ಬಿಟ್ಟೆ ನಾನು."

ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು. ಡೋರ್ಕಸ್ ಕರವಸ್ತ್ರದಿಂದ ಮೂಗು ಒರೆಸಿಕೊಂಡಳು.

"ಅಮ್ಮ ಹಿಂದಿನಿಂದ 'ಬೇಡ' ಅಂದಳು. ಒಂದೇ ಸಲ, ಮೆಲ್ಲಗೆ. ಅಷ್ಟರಲ್ಲಿ ಧಣಿ ಪೆಟ್ಟಿಗೆ ಒಳಗೆ ಹೋಗಿತ್ತು. ಅವಳು ಸಾಯೋವರೆಗೂ ಆ ವಿಷಯ ಎತ್ತಲಿಲ್ಲ. ಹೊಡೆದಿದ್ರೆ ಚೆನ್ನಾಗಿತ್ತು... ಬೈದಿದ್ರೆ ಚೆನ್ನಾಗಿತ್ತು. ಏನೂ ಅನ್ಲಿಲ್ಲ. ಸಂಜೆ ಆದ್ರೆ ಕಿಟಕಿ ಹತ್ರ ಕೂತು ಚರ್ಚಿನ ಕಡೆ ನೋಡೋಳು.

"ಮೂರನೇ ದಿನ ಹಾಲಿನವನು ಬಂದು ಬಾಗಿಲಲ್ಲೇ ಕುಸಿದು ಕೂತ. ಮುಂಜಾನೆ ಚರ್ಚಿನ ಮುಂದೆ ಹೋಗ್ತಿದ್ನಂತೆ. ಚಿಕ್ಕ ಮಗು ಒಂದು ತುದಿಗಾಲಲ್ಲಿ ನಿಂತು, ಚಿಲಕ ಎಟುಕದೆ, ಹೆಣಬಾಗಿಲು ಕೆರೀತಾ ಇತ್ತಂತೆ. ನಾನು ಯಾರಿಗೂ ಹೇಳ್ಲಿಲ್ಲ. ಹಾಲು ಕರೆಯೋ ಸ್ಟೂಲು ಕಂಕುಳಲ್ಲಿ ಸಿಗಿಸ್ಕೊಂಡು ಹೋಗಿ ಬಾಗಿಲ ಗೋಡೆಗೆ ಆನಿಸಿಟ್ಟು ಬಂದೆ. ಬೆಳಗಾಗಿ ನೋಡ್ತೀನಿ... ಸ್ಟೂಲು ಚಿಲಕದ ಕೆಳಗಿದೆ. ಮತ್ತೆ ಗೋಡೆಗೆ ಇಟ್ಟೆ. ಮತ್ತೆ ಚಿಲಕದ ಕೆಳಗೆ. ಅರವತ್ಮೂರು ವರ್ಷ, ದಿನಾ, ಒಂದು ದಿನ ತಪ್ಪದೆ. ಅವಳು ಕಣ್ಣಿಗೆ ಬಿದ್ದದ್ದು ಎರಡೇ ಸಲ. ಎರಡು ಸಲವೂ ಸ್ಟೂಲ ಮೇಲೆ ನಿಂತು, ಎರಡೂ ಕೈಯಲ್ಲಿ ಬಾಗಿಲು ಹಿಡಿದು, ರಸ್ತೆ ಕಡೆ ನೋಡ್ತಿದ್ಲು. ಯಾರೋ ಬರ್ತಾರೆ ಅಂತ. ಯಾರು ಬರ್ತಾರೆ? ಎಲ್ರೂ ಬೆಟ್ಟಕ್ಕೆ ಹೋಗ್ತಾರಲ್ಲ!

"ನಾನು ಯಾಕೆ ಮದುವೆ ಆಗ್ಲಿಲ್ಲ ಅಂತ ನೀವೆಲ್ಲ ಹಿಂದೆ ಆಡ್ಕೊಳ್ಳೋದು ನಂಗೆ ಗೊತ್ತು. ಬಡಗಿ ವಿಲ್ಫ್ರೆಡ್ ಕೆನಡಾಕ್ಕೆ ಹೋಗೋಣ ಬಾ ಅಂದ. ಒಳ್ಳೆ ಹುಡುಗ, ನಂಗೂ ಇಷ್ಟ ಇತ್ತು. ಹೇಗೆ ಹೋಗ್ಲಿ? ಸಂಜೆ ಆಗ್ತಿದ್ದ ಹಾಗೆ ಅಲ್ಲಿ ಮಗು ಒಂಟಿ. ದಿನಾ ಹೆಣಿಗೆ ತಗೊಂಡು ಹೋಗಿ ಆ ಗೋಡೆ ಮೇಲೆ ಕೂರ್ತೀನಿ, ಊರ ಸುದ್ದಿ ಎಲ್ಲ ಹೇಳ್ತೀನಿ, ಕತ್ತಲಾದ್ರೂ ಒಂದಷ್ಟು ಹೊತ್ತು ಇರ್ತೀನಿ. ಎಪ್ಪತ್ಮೂರಾಯ್ತು ನಂಗೆ. ನಾನು ಸತ್ತ ಮೇಲೆ? ನನ್ನನ್ನೂ ಬೆಟ್ಟಕ್ಕೇ ಹಾಕ್ತಾರೆ. ಆಮೇಲೆ ಸ್ಟೂಲು ಇಡೋರು ಯಾರು? 'ಡೋರೀ' ಅಂದ್ರೆ ಓಗೊಡೋರು ಯಾರು? ನಾಲ್ಕು ಪಾದ್ರಿಗಳ ಕಾಲು ಹಿಡಿದೆ, ನನ್ನನ್ನ ಅಂಗಳದಲ್ಲೇ ಹೂಳಿ ಅಂತ. ಕಾನೂನಿಲ್ಲ ಅಂದ್ರು. ಒಂದು ಕೂದಲಾದ್ರೂ ಪ್ರಾರ್ಥನೆ ಮಾಡಿ ಹೂಳಿ ಅಂದೆ. ಮುದುಕಿಗೆ ತಲೆ ಕೆಟ್ಟಿದೆ ಅಂದ್ರು.

"ಅಷ್ಟರಲ್ಲಿ ನೀವು ಪಟ್ಟಾಭಿಷೇಕದ ನೆನಪಿಗೆ ನೂರು ವರ್ಷ ಆದ್ಮೇಲೆ ತೆಗೆಯೋ ಡಬ್ಬಿ ಹೂಳ್ತೀವಿ ಅಂದ್ರಿ. ಪತ್ರಿಕೆ, ಫೋಟೋ, ಊರವರ ಒಂದೊಂದು ವಸ್ತು. ಎಲ್ಲಿ ಹೂಳ್ತೀರಿ? ಹೆಣಬಾಗಿಲ ಒಳಗೆ! ಪಾದ್ರಿ ಪ್ರಾರ್ಥನೆ ಉಂಟು! ಗಂಟೆ ಉಂಟು! ಹುಚ್ಚು ಹಿಡಿದ ಹಾಗೆ ನಕ್ಕೆ ನಾನು ಮನೇಲಿ ಒಬ್ಬಳೇ. ಲೆಟ್ಟಿ ಸತ್ತ ವರ್ಷ ಜ್ವರ ಬಂದು ಕತ್ತರಿಸಿದ್ದ ನನ್ನ ಜಡೆ ಅಮ್ಮ ಎತ್ತಿಟ್ಟಿದ್ಲು. ತಂದು ಟೀಚರ್ ಕೈಲಿ ಕೊಟ್ಟೆ. 'ನಂದು ಕೊನೇಗೆ ಇಡು ಮಗಳೇ, ಎಲ್ಲರದೂ ಆದ ಮೇಲೆ' ಅಂದೆ. ಅಂದಿದ್ದೆ ಅಲ್ವಾ?"

"ಅಂದಿದ್ರಿ," ಎಂದಳು ಈನಿಡ್.

"ಹೋದ ಶನಿವಾರ ಹೂತ್ರಿ. ಅವತ್ತು ಸಂಜೆ ಸ್ಟೂಲು ಗೋಡೆಗೆ ಇಟ್ಟು ಬಂದೆ. ಭಾನುವಾರ ನೋಡಿದ್ರೆ... ಗೋಡೆಗೇ ಇದೆ. ಸೋಮವಾರವೂ. ಈ ವಾರವೆಲ್ಲ ಒಂದಂಗುಲ ಸರಿದಿಲ್ಲ. ಲೆಟ್ಟಿ ಹೋದಳು ಕಣ್ರೋ! ಮಲಗಿದಳು ನನ್ನ ಕೂಸು! ಅಲ್ಲೇ ರಸ್ತೇಲಿ ಕೂತು ಅತ್ತುಬಿಟ್ಟೆ, ಇವಳು ಮ್ಯೂರಿಯಲ್ ನೋಡಿ ಬ್ರಾಂಡಿ ತಂದ್ಕೊಟ್ಟಳು. ಇನ್ನು ಪಾಳಿ ನಂದು ಅಂತ ಸಿದ್ಧವಾಗಿ ಕೂತೆ. ಏನಾಗುತ್ತೋ ನೋಡೋಣ, ಬದುಕಿರುವಾಗಲೇ ಕರೀತಾರೋ, ಸತ್ತ ಮೇಲೋ... ಏನೂ ಆಗ್ಲಿಲ್ಲ. ನನ್ನ ಕೈ ನೋಡಿ, ಬೆಚ್ಚಗಿದೆ. ಚೆನ್ನಾಗಿ ತಿಂತೀನಿ, ಚೆನ್ನಾಗಿ ನಿದ್ದೆ ಮಾಡ್ತೀನಿ. ಮತ್ತೆ ಪಾಳಿ ಯಾರದು?"

ಅವಳು ಬಗ್ಗಿ ಈನಿಡ್‌ಳ ಬಲಗೈಯನ್ನು ತನ್ನೆರಡು ಕೈಗಳ ನಡುವೆ ತೆಗೆದುಕೊಂಡಳು. ಹಿಡಿದ ಕೂಡಲೇ ಮುದುಕಿಯ ಮುಖ ಕಳೆಗುಂದಿತು.

"ನನ್ನ ಜಡೆ ಎಲ್ಲಿಟ್ಟೆ ಮಗಳೇ?"

ಈನಿಡ್ ಎಲ್ಲರ ಮುಖ ನೋಡಿದಳು. "ಎಲ್ಲರದೂ ಇಟ್ಟಾಗಿತ್ತು. ಜಡೆ ನೋಡಿ ನಂಗೆ ತುಂಬ... ಮನಸ್ಸಿಗೆ ಹಿಡಿಸ್ತು. ಡಬ್ಬಿಗೆ ಕಟ್ಟೋ ದಾರ ಕತ್ತರಿಸೋ ಕತ್ತರಿ ಕೈಯಲ್ಲೇ ಇತ್ತು. ನಂದೂ ಒಂದೆಳೆ ಕೂದಲು ಇರ್ಲಿ ಅಂತ ಕತ್ತರಿಸಿ ದಾರ ಕಟ್ಟಿದೆ. ಎರಡು ಮಾತ್ರ ಉಳಿದಿದ್ವು, ನಿಮ್ಮದು, ನಂದು. ನೀವು ಕೊನೇಗೆ ಅಂದಿದ್ದು ಸಂಕೋಚಕ್ಕೆ ಅಂದ್ಕೊಂಡೆ ಮಿಸ್ ಟಕೆಟ್. ಎಲ್ರೂ ಹಾಗೇ ಅಂತಾರಲ್ಲ, ನಂದೇನು, ಆಮೇಲೆ ಆಗ್ಲಿ ಅಂತ. ನೀವು ಹಿರಿಯರು. ನಿಮ್ಮದು ಮೊದಲು ಹೋಗ್ಲಿ ಅಂತ..."

"ನೀನೂ ದಾರಿ ಬಿಟ್ಟೆ," ಎಂದಳು ಡೋರ್ಕಸ್.

ಕ್ಲಾರೆನ್ಸ್ ಬಡ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ಇದೆಲ್ಲ ಹಳೇ ಕಾಲದ ಮಾತು. ಆದ್ರೂ ಟೀಚರಮ್ಮನಿಗೆ ಹೆದರಿಕೆ ಆಗಿದೆ. ನಾಳೆ ಬೆಳಗ್ಗೆ ಗುದ್ದಲಿ ತಗೊಂಡು ಹೋಗಿ ಡಬ್ಬಿ ತೆಗೆಯೋಣ, ಆ ಕೂದಲು ಎತ್ತಿಬಿಡೋಣ. ಮುಗೀತಲ್ಲ?"

"ತೆಗೆಯಂಗಿಲ್ಲ."

ಮುದುಕಿಯ ಧ್ವನಿ ಅಷ್ಟು ಗಟ್ಟಿಯಾಗಿ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

"ಅಲ್ಲ ಮಿಸ್ ಟಕೆಟ್, ಯಾಕೆ?"

"ಡಬ್ಬಿ ಎತ್ತಿದ್ರೆ ಕೊನೇಗೆ ಮಣ್ಣಾದೋರು ಯಾರಾಗ್ತಾರೆ ಕ್ಲಾರೆನ್ಸ್? ನೀನೇ ಹೇಳು. ಅರವತ್ಮೂರು ವರ್ಷ ಆದ್ಮೇಲೆ ಮಲಗಿರೋ ಮಗೂನ ಎಬ್ಬಿಸಿ ಮತ್ತೆ ಆ ಸ್ಟೂಲ ಮೇಲೆ ನಿಲ್ಲಿಸ್ತೀಯಾ?" ಅವಳು ಈನಿಡ್‌ಳ ಕಡೆ ತಿರುಗಿದಳು. ಕಣ್ಣಲ್ಲಿ ನೀರು ತುಂಬಿತ್ತು, ಕೈ ಮಾತ್ರ ಬಿಟ್ಟಿರಲಿಲ್ಲ. "ನಿನ್ನ ಮೇಲೆ ನಂಗೆ ಕೋಪ ಇಲ್ಲ ಮಗಳೇ. ಒಳ್ಳೆ ಮನಸ್ಸಿಂದ ಮಾಡಿದೆ, ನನ್ನ ಹಾಗೆ ಹೆದರಿ ಅಲ್ಲ. ನಿನ್ನ ನೋಡಿದ್ರೆ ನನ್ನ ಕರುಳು ಕಿತ್ತು ಬರುತ್ತೆ. ಆದ್ರೆ ಒಂದ್ಸಲ ಅವಳನ್ನ ಬಿಟ್ಟುಕೊಟ್ಟಿದೀನಿ. ಇನ್ನೊಂದ್ಸಲ ಕೊಡಲ್ಲ. ಗುದ್ದಲಿ ತಂದೋರು ಮೊದಲು ನನ್ನ ಮೇಲೆ ಹಾಕ್ಬೇಕು. ಡಬ್ಬಿ ಮೇಲಿಟ್ಟ ಕಲ್ಲಲ್ಲಿ ನೀವೇ ಕೆತ್ತಿಸಿದೀರಿ, ನೂರು ವರ್ಷ ಮುಟ್ಟಬಾರ್ದು ಅಂತ. ಮುಟ್ಟಬಾರ್ದು ಅಂದ್ರೆ ಮುಟ್ಟಬಾರ್ದು."

ಬಡ್ ಕೂತುಬಿಟ್ಟ. ಮ್ಯೂರಿಯಲ್ ಬಟ್ಟಲುಗಳನ್ನು ಜೋಡಿಸತೊಡಗಿದಳು, ಒಂದು ತಟ್ಟೆ ಜಾರಿ ಒಡೆಯಿತು. ಈನಿಡ್‌ಗೆ ಅಳು ಬರಬೇಕಿತ್ತು, ಬರಲಿಲ್ಲ. ಕೈಯ ಚಳಿ ಮೊಣಕೈಯವರೆಗೆ ಏರಿತ್ತು. ನೋವೇನೂ ಇರಲಿಲ್ಲ.

"ದಿನಾ ಸಂಜೆ ಬರ್ತೀನಿ," ಎಂದಳು ಡೋರ್ಕಸ್ ಮೆಲ್ಲಗೆ. "ಗೋಡೆ ಮೇಲೆ ಕೂರ್ತೀನಿ, ಊರ ಸುದ್ದಿ ಹೇಳ್ತೀನಿ. ನಾನಿರೋವರೆಗೂ ನಿನ್ನ ಒಂಟಿ ಬಿಡಲ್ಲ. ಸ್ಟೂಲು ಮನೆಗೆ ತಗೊಂಡು ಹೋಗ್ತೀನಿ. ನಿಂಗೆ ಬೇಕಾಗಲ್ಲ, ನೀನು ಎತ್ತರ ಇದೀಯ."

ಸಭೆ ಮುಗಿಯಿತೆಂದು ಯಾರೂ ಹೇಳಲಿಲ್ಲ. ಕೋಟು, ಛತ್ರಿ ಎತ್ತಿಕೊಂಡು ಒಬ್ಬೊಬ್ಬರಾಗಿ ಎದ್ದರು. ಈನಿಡ್ ಎಂದಿನಂತೆ ಮುಂದೆ ಹೋಗಿ ಕೋಣೆಯ ಬಾಗಿಲು ತೆರೆದು ಹಿಡಿದಳು. ಬಡ್ ಅವಳ ಮುಖ ನೋಡದೆ ದಾಟಿದ. ಮ್ಯೂರಿಯಲ್ ಅವಳ ಕೆನ್ನೆ ಮುಟ್ಟಿ ದಾಟಿದಳು. ಉಳಿದವರೂ ಹೋದರು. ಕೊನೆಗೆ ಡೋರ್ಕಸ್ ಕೋಲೂರಿಕೊಂಡು ಹೊಸ್ತಿಲು ದಾಟಿ, ಮಳೆಯಲ್ಲಿ ಛತ್ರಿ ಬಿಚ್ಚಿ, ತಿರುಗಿ ನೋಡಿದಳು. ಈನಿಡ್ ಇನ್ನೂ ಬಾಗಿಲು ಹಿಡಿದೇ ನಿಂತಿದ್ದಳು.

"ಎಲ್ರೂ ಹೋದ್ರು ಮಗಳೇ. ಬಾಗಿಲು ಬಿಡು."

"ಬಿಡ್ತೀನಿ," ಎಂದಳು ಈನಿಡ್, ಖಾಲಿ ರಸ್ತೆಯ ಕಡೆ ನೋಡುತ್ತ. "ಇವರೊಬ್ಬರು ಬಂದುಬಿಡ್ಲಿ. ಹತ್ರನೇ ಬಂದಿದಾರೆ."

ಡೋರ್ಕಸ್ ರಸ್ತೆಯ ಕಡೆ ತಿರುಗಿ ನೋಡಲೂ ಇಲ್ಲ.

"ಗೊತ್ತು," ಎಂದಳು. "ಲೆಟ್ಟಿಗೂ ಅರವತ್ಮೂರು ವರ್ಷ ಹಾಗೇ ಅನ್ನಿಸ್ತಿತ್ತು."